ಮರದ ಕತ್ತು ಬಿಡಿಸಿದ ತರಗಮ್ಮ

ಆಸ್ಪತ್ರೆಯ ದೀಪಗಳು ಇನ್ನೂ ಆರಿಲ್ಲ. ಒಳಾಂಗಣದ ತೋಟದಲ್ಲಿ ಒಬ್ಬ ಹೆಂಗಸು ಮಂಡಿಯೂರಿ, ಬಲಗೈಯನ್ನು ಮಣಿಕಟ್ಟಿನವರೆಗೆ ಒಣ ಎಲೆಗಳೊಳಗೆ ಇಳಿಸಿ, ಕಣ್ಣು ಮುಚ್ಚಿ ಕೂತಿದ್ದಾರೆ. ಗೊತ್ತಿಲ್ಲದವರು ನೋಡಿದರೆ ಕಿವಿಯೋಲೆ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳಬೇಕು. ಸ್ವಲ್ಪ ಹೊತ್ತಿಗೆ ಕೈ ಹೊರಗೆ ಬರುತ್ತದೆ. ಬೆರಳಿಗಂಟಿದ ಕಪ್ಪು ಪುಡಿಯನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಳ್ಳುತ್ತಾರೆ. ಹುಬ್ಬಿನ ಗಂಟು ಸಡಿಲವಾಗುತ್ತದೆ. ಪಕ್ಕದ ಪಾತಿಗೆ ಸರಿಯುತ್ತಾರೆ.

ರಾತ್ರಿ ಪಾಳಿ ಮುಗಿಸಿದ ನರ್ಸೊಬ್ಬಳು ಚಪ್ಪಲಿ ಎಳೆಯುತ್ತಾ ಆ ದಾರಿಯಲ್ಲೇ ಬರುತ್ತಾಳೆ. "ತರಗಮ್ಮ, ನಿಮ್ಮ ರೌಂಡ್ಸ್ ಮುಗೀತಾ?"

"ಎಲ್ಲಿ ಮುಗಿಯುತ್ತಮ್ಮ. ಆ ಮೂಲೇಲಿ ಮಲಗಿರೋರಿಗೆ ನಿನ್ನೆ ಅಕಾಲ ಮಳೆಗೆ ಉಸಿರು ಕಟ್ಟಿದೆ. ಅವರನ್ನ ನೋಡ್ಕೊಂಡೇ ಟೀ ಕುಡಿಯೋದು."

ಮೂಲೆಯಲ್ಲಿ ಮಲಗಿರುವುದು ಒಂದು ಸಾಲು ಹೂವಿನ ಗಿಡ. ಬುಡಕ್ಕೆ ಹೊದಿಸಿದ ಎಲೆಗಳು ಮಳೆಗೆ ನೆನೆದು, ಒಂದಕ್ಕೊಂದು ಅಂಟಿ, ಚಪ್ಪಟೆ ಹಲಗೆಯ ಹಾಗಾಗಿವೆ. ತರಗಮ್ಮ ಎರಡೂ ಕೈಯಲ್ಲಿ ಅದನ್ನು ಎತ್ತಿ, ಎಳೆದು, ಬಿಡಿಸಿ, ಮತ್ತೆ ಸಡಿಲವಾಗಿ ಉದುರಿಸುತ್ತಾರೆ. ಕೈಗಳು ಎಷ್ಟು ಚುರುಕೆಂದರೆ, ನೋಡುತ್ತಾ ನಿಂತವರಿಗೆ ಮನೆಗೆ ಹೋಗಬೇಕೆನ್ನುವುದೇ ಮರೆಯುತ್ತದೆ. ನರ್ಸಿಗೂ ಮರೆತಿದೆ.

ತರಗಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಸದಾ ತಲೆಯಲ್ಲಿ, ಸೆರಗಿನಲ್ಲಿ, ತೋಳಿನ ಮಡಿಕೆಯಲ್ಲಿ ತರಗೆಲೆಯ ಚೂರು ಸಿಕ್ಕಿಸಿಕೊಂಡೇ ಓಡಾಡುವ ಇವರಿಗೆ ಆಸ್ಪತ್ರೆಯ ಅಡುಗೆಮನೆಯವರು ತಮಾಷೆಗೆ ಕಟ್ಟಿದ ಹೆಸರು. ಈಗ ದೊಡ್ಡ ಡಾಕ್ಟರೂ ಅದೇ ಹೆಸರಿನಿಂದ ಕರೆಯುತ್ತಾರೆ, ಕರೆಯುವಾಗ ಗೌರವದಿಂದ ಸ್ವರ ತಗ್ಗಿಸುತ್ತಾರೆ. ಇವರ ಗಂಡ ಇದೇ ಆಸ್ಪತ್ರೆಯ ಲಿಫ್ಟ್ ನಡೆಸುವವರು. "ನಾನು ದಿನವಿಡೀ ಮೇಲೆ ಕೆಳಗೆ, ಇವಳು ದಿನವಿಡೀ ಬರೀ ಕೆಳಗೆ" ಎಂದು ಅವರು ನಗುತ್ತಾರೆ. ಹೆಂಡತಿ ಮನೆಗೆ ಬಂದ ಮೇಲೆ ಹಾಸಿಗೆಯಲ್ಲೂ ಎಲೆ ಸಿಗುತ್ತದೆ ಎನ್ನುವುದು ಅವರ ದೊಡ್ಡ ದೂರು.

ಬಟ್ಟೆ ಒಗೆಯುವ ಕೋಣೆಯ ಹಿಂದಿನ ಖಾಲಿ ಜಾಗ ತರಗಮ್ಮನವರ ಉಗ್ರಾಣ. ಅಲ್ಲಿ ನಿಂತರೆ ಕಸದ ಗುಡ್ಡೆಗಳ ನಡುವೆ ನಿಂತ ಹಾಗೆ ಅನಿಸುತ್ತದೆ, ಇವರು ಮಾತಾಡಲು ಶುರುಮಾಡುವವರೆಗೆ. ಇದು ಈ ವರ್ಷ ಉದುರಿದ ಎಲೆ, ಇನ್ನೂ ಗರಿಗರಿ. ಅದು ಹಿಂದಿನ ವರ್ಷದ್ದು, ಅರ್ಧ ಮಣ್ಣಾಗಿದೆ, ಹೂವಿನ ಪಾತಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆಚೆಗಿರುವುದು ಕಡಿದ ರೆಂಬೆಗಳನ್ನು ಯಂತ್ರಕ್ಕೆ ಕೊಟ್ಟು ಮಾಡಿಸಿದ ಚಕ್ಕೆ, ಪೊದೆಗಳಿಗೆ ಮತ್ತು ಓಡಾಡುವ ದಾರಿಗೆ. ಇಳಿಜಾರಿನಲ್ಲಿ ಚಕ್ಕೆ ಮಳೆನೀರಿಗೆ ಕೊಚ್ಚಿಹೋಗುತ್ತದೆ, ಅಲ್ಲಿಗೆ ಒಂದಕ್ಕೊಂದು ಹೆಣೆದುಕೊಳ್ಳುವ ಉದ್ದುದ್ದ ತೊಗಟೆ. ಕತ್ತರಿಸಿದ ಹುಲ್ಲನ್ನು ಹಸಿಯಾಗಿ ಗುಡ್ಡೆ ಹಾಕಿದರೆ ಬಿಸಿಯೇರಿ ಗಬ್ಬು ನಾರುತ್ತದೆ, ಆದ್ದರಿಂದ ಅದನ್ನು ಚಾಪೆಯ ಮೇಲೆ ಹರಡಿ ಒಣಗಿಸಿ, ತೆಳ್ಳಗೆ ಬಳಸುತ್ತಾರೆ.

"ಹೊಸ ಚಕ್ಕೆ ಮಣ್ಣಿನ ಮೇಲೆ ಕೂತಿರಬೇಕು, ಒಳಗೆ ಬೆರೀಬಾರದು. ಬೆರೆತರೆ ಗಿಡದ ಊಟಾನ ಅದೇ ತಿಂದ್ಹಾಕುತ್ತೆ" ಎಂದು ವಿವರಿಸುತ್ತಾರೆ. "ವಾಸನೆ ನೋಡಿದ್ರೆ ಗೊತ್ತಾಗುತ್ತೆ. ಹುಳಿ ಹುಳಿ ಬಂದ್ರೆ ಅದಕ್ಕೆ ಗಾಳಿ ಸಿಕ್ಕಿಲ್ಲ ಅಂತ. ಹರಡಿ ಎರಡು ದಿನ ಬಿಟ್ರೆ ಸರಿಹೋಗುತ್ತೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಕಣ್ಣು ಮುಚ್ಚಿ ಹಾಕಬಹುದು."

ಒಮ್ಮೆ ಮಳೆ ಬಂದ ಮಾರನೆಯ ದಿನ ಚಕ್ಕೆಗಳ ಮೇಲೆ ಹಳದಿ ನೊರೆಯಂಥದ್ದು ಎದ್ದು ಕೂತಿತ್ತು. ಯಾರೋ ರೋಗಿ ಅಲ್ಲೇ ವಾಂತಿ ಮಾಡಿದ್ದಾರೆಂದು ವಾರ್ಡಿನ ಆಯಾ ಮೂಗು ಮುಚ್ಚಿಕೊಂಡು, ಬಕೆಟ್ಟು ಪೊರಕೆ ಹಿಡಿದು ಬಂದೇಬಿಟ್ಟಳು. ಅದು ಬೂಷ್ಟಿನ ಜಾತಿಯದ್ದು, ಯಾರಿಗೂ ಕೇಡು ಮಾಡುವುದಿಲ್ಲ, ಒಣಗಿ ತಾನೇ ಹೋಗುತ್ತದೆ ಎಂದು ತರಗಮ್ಮ ಎಷ್ಟು ಹೇಳಿದರೂ ಆಯಾ ನಂಬಲಿಲ್ಲ. ಈಗಲೂ ಆ ದಾರಿಯಲ್ಲಿ ಹೋಗುವಾಗ ಸೀರೆ ಎತ್ತಿ ಹಿಡಿದುಕೊಂಡೇ ದಾಟುತ್ತಾಳೆ.

ಇವರ ಕೈಗೆ ಈ ಹದ ಬಂದದ್ದು ತೋಟದಿಂದಲ್ಲ. ಅಪ್ಪ ಹಾಸಿಗೆ ಹೊಲಿಯುವವರು. ಒಂದೇ ಕೋಣೆಯ ಮನೆ, ಅರ್ಧ ಕೋಣೆ ತುಂಬ ಹತ್ತಿ. ಗಂಟು ಕಟ್ಟಿದ ಹಳೆಯ ಹತ್ತಿಯನ್ನು ಹಿಂಜಿ ಹಿಂಜಿ ಗಾಳಿ ತುಂಬಿಸುವುದು ಮಗಳ ಕೆಲಸ. "ಹತ್ತಿ ಬೆಚ್ಚಗಿಡಲ್ಲ, ಅದರೊಳಗಿನ ಗಾಳಿ ಬೆಚ್ಚಗಿಡುತ್ತೆ ಅಂತಿದ್ರು ಅಪ್ಪ. ಹೊದಿಕೇನ ಕತ್ತಿನ ತನಕ ಎಳೀಬೇಕು, ಮೂಗಿನ ಮೇಲೆ ಎಳೀಬಾರದು ಅಂತ ದಿನಾ ರಾತ್ರಿ ಬಂದು ನಮ್ಮ ಹೊದಿಕೆ ಸರಿಮಾಡೋರು." ಇದನ್ನು ಹೇಳುವಾಗ ಅವರ ಕೈ ತನಗರಿವಿಲ್ಲದೆ ಎದುರಿನ ಗಿಡದ ಬುಡದಿಂದ ಎಲೆಗಳನ್ನು ಹಿಂದಕ್ಕೆ ಸರಿಸುತ್ತದೆ. ಯಾವ ಗಿಡದ ಹತ್ತಿರ ಹೋದರೂ ಇವರು ಮಾಡುವ ಮೊದಲ ಕೆಲಸವೇ ಅದು, ಕತ್ತು ಬಿಡಿಸುವುದು.

ಮದುವೆಯಾಗಿ ಬಂದು ಆಸ್ಪತ್ರೆ ಸೇರಿದ್ದು ಗುಡಿಸುವವರಾಗಿ. ಉದುರಿದ ಎಲೆ ಗುಡಿಸಿ, ಹಿತ್ತಲಲ್ಲಿ ಸುಡಬೇಕಿತ್ತು. ಹೊಗೆ ನೇರವಾಗಿ ದಮ್ಮಿನ ರೋಗಿಗಳ ವಾರ್ಡಿಗೆ ನುಗ್ಗುತ್ತಿತ್ತು. ಒಂದು ದಿನ ಒಳಗಿನಿಂದ ಕೆಮ್ಮು ಕೇಳಿ ಇವರು ಕೊಡಪಾನ ನೀರು ಸುರಿದು ಬೆಂಕಿ ಆರಿಸಿದರು. ಸುಡಲು ಮನಸ್ಸಿಲ್ಲ, ಸುಡದಿದ್ದರೆ ಮೇಲ್ವಿಚಾರಕರು ಸುಮ್ಮನಿರುವುದಿಲ್ಲ. ದಾರಿ ಕಾಣದೆ ಎಲೆಗಳನ್ನೆಲ್ಲ ಪೊದೆಗಳ ಅಡಿಗೆ ತುರುಕಿ ಬಚ್ಚಿಟ್ಟರು. ಆ ಬೇಸಿಗೆಯಲ್ಲಿ ತೋಟವೆಲ್ಲ ಬಾಡಿ ಬಸವಳಿದಾಗ, ಎಲೆ ಬಚ್ಚಿಟ್ಟ ಪೊದೆಗಳು ಮಾತ್ರ ಹಸಿರಾಗಿ ನಿಂತು ಇವರ ಗುಟ್ಟು ರಟ್ಟು ಮಾಡಿದವು. ಮೇಲ್ವಿಚಾರಕರು ಬಗ್ಗಿ ಎಲೆ ಸರಿಸಿ, ತಂಪು ಮಣ್ಣು ಮುಟ್ಟಿ, ಪೊರಕೆ ಕಿತ್ತುಕೊಂಡು ಕೈಗೆ ಬುಟ್ಟಿ ಕೊಟ್ಟರು. ಭಯಕ್ಕೆ ಮಾಡಿದ ಒಂದು ಕಳ್ಳಕೆಲಸ ಇಷ್ಟು ದೊಡ್ಡ ತೋಟವಾಗಿ ಬೆಳೆದು ನಿಂತಿರುವುದನ್ನು ನೋಡಿದರೆ ನಿಜಕ್ಕೂ ಮೈ ಜುಮ್ಮೆನ್ನುತ್ತದೆ.

ತೋಟದ ನಡುವೆ ಒಂದು ದೊಡ್ಡ ಮರವಿದೆ. ಎತ್ತರಕ್ಕಿಂತ ಅಗಲ ಹೆಚ್ಚು. ಅದರ ನೆತ್ತಿ ಮೇಲಿನ ಮಹಡಿಯ ಕಿಟಕಿಗಳ ಕೆಳಗೇ ಹರಡಿಕೊಂಡಿದೆ. ಬುಡದ ಸುತ್ತ ಕಲ್ಲಿನ ಬೆಂಚು. ಒಳಗೆ ತಮ್ಮವರನ್ನು ಮಲಗಿಸಿ ಹೊರಗೆ ಕಾಯುವವರೆಲ್ಲ ಬಂದು ಕೂರುವುದು ಅಲ್ಲೇ.

ಹಲವು ವರ್ಷಗಳ ಹಿಂದೆ ಆ ಬೆಂಚಿನ ಮೇಲೆ ಒಬ್ಬ ತಾಯಿ ಕೂತಿದ್ದರು. ಮಗಳು ಆಪರೇಷನ್ ಕೋಣೆಯೊಳಗೆ. ಆಕೆ ಸೆರಗಿನ ತುದಿಗೆ ಗಂಟು ಹಾಕಿ ಬಿಚ್ಚುತ್ತಲೇ ಇದ್ದುದನ್ನು ನೋಡಲಾಗದೆ ತರಗಮ್ಮ ಒಂದು ಬುಟ್ಟಿ ಎಲೆಯನ್ನು ಮಡಿಲಿಗಿಟ್ಟರು. "ಇದರಲ್ಲಿ ಪ್ಲಾಸ್ಟಿಕ್ಕು, ಮಾತ್ರೆ ಕಾಗದ, ಬ್ಯಾಂಡೇಜ್ ಚೂರು ಇರುತ್ತಮ್ಮ. ಸ್ವಲ್ಪ ಆರಿಸಿಕೊಡ್ತೀರಾ?" ತಾಯಿ ಆರಿಸಿದರು. ಸೆರಗಿನ ಗಂಟು ಮರೆತೇಹೋಯಿತು. ಸಂಜೆ ಮಗಳು ಕಣ್ಣು ಬಿಟ್ಟಳೆಂಬ ಸುದ್ದಿ ಬಂದಾಗ, ಮಡಿಲಲ್ಲಿದ್ದ ಕೊನೆಯ ಹಿಡಿ ಎಲೆಯನ್ನು ಎದ್ದು ಮರದ ಬುಡಕ್ಕೆ ಹಾಕಿ ಕೈಮುಗಿದು ಹೋದರು.

ಅಲ್ಲಿಂದ ಅದು ಹಬ್ಬಿತು. ಯಾರು ಯಾರಿಗೆ ಹೇಳಿಕೊಟ್ಟರೋ ಗೊತ್ತಿಲ್ಲ. ಕಾಯುವವರು ಎಲೆ ಆರಿಸುತ್ತಾರೆ, ಒಂದು ಹಿಡಿಯನ್ನು ಮರದ ಬುಡಕ್ಕೆ ಒತ್ತಿ ಇಡುತ್ತಾರೆ. ಒಳಗಿರುವವರು ಬೇಗ ಹೊರಗೆ ಬರಲಿ ಎಂದು. ಹಿಡಿ ಹಿಡಿ ಸೇರಿ ವರ್ಷಗಳಲ್ಲಿ ಅದು ಗುಡ್ಡೆಯಾಯಿತು, ಗುಡ್ಡೆ ಬೆಂಚನ್ನು ಮೀರಿ ಕಾಂಡವನ್ನು ಸೊಂಟದವರೆಗೆ ಮುಚ್ಚಿತು. ನೋಡಿದವರು ಮರಕ್ಕೆ ಎಷ್ಟು ಪ್ರೀತಿ ಎಂದು ಫೋಟೋ ತೆಗೆದುಕೊಂಡರು.

ಅಲ್ಲಿ ದಿನವೂ ಕೂರುವವರಲ್ಲಿ ಒಬ್ಬರು ಗಡಿಯಾರದಜ್ಜ. ಅಂಗಡಿ ಮುಚ್ಚುವವರೆಗೂ ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು. ಅವರ ಹೆಂಡತಿ, ಅಜ್ಜಿ, ಬೆನ್ನುಮೂಳೆಯ ಕಾಯಿಲೆಯಿಂದ ಮೇಲಿನ ಮಹಡಿಯಲ್ಲಿ, ಬೇಗ ವಾಸಿಯಾಗದವರ ವಾರ್ಡಿನಲ್ಲಿ, ಕಿಟಕಿಗೆ ಒತ್ತಿದ ಮಂಚದಲ್ಲಿದ್ದಾರೆ. ನೋಡಲು ಬಿಡುವ ಹೊತ್ತು ಸ್ವಲ್ಪವೇ. ಉಳಿದ ಹೊತ್ತೆಲ್ಲ ಅಜ್ಜ ಮರದಡಿ. ಹೋದ ವರ್ಷ ಒಂದು ದಿನ ಅವರು ಕುಣಿಯುವುದೊಂದು ಬಾಕಿ ಎನ್ನುವಷ್ಟು ಖುಷಿಯಲ್ಲಿ ಇಳಿದು ಬಂದರು. "ಕೇಳಿದ್ಯಾ ತಂಗಿ? ಇಷ್ಟು ದಿನ ಎಲೆ ಅಡ್ಡ ಬರ್ತಿತ್ತಂತೆ. ಈಗ ಮೇಲಿಂದ ನನ್ನ ಬೋಳು ತಲೆ ಕಾಣುತ್ತಂತೆ ಅವಳಿಗೆ. ಮಂಚದಲ್ಲೇ ಮಲಗಿ ನನ್ನನ್ನ ಕಾಯ್ತಾಳಂತೆ."

ತರಗಮ್ಮ ಕೂತಲ್ಲಿಂದ ಎದ್ದರು. ತಲೆಯೆತ್ತಿ ನೋಡಿದರು. ಎಂದೂ ತೂತಿಲ್ಲದ ಹಸಿರು ಚಪ್ಪರದಲ್ಲಿ ಆಕಾಶ ಕಾಣುತ್ತಿತ್ತು.

ನಗರದ ಮರಗಳ ಪರೀಕ್ಷಕರನ್ನು ಕರೆಸಲಾಯಿತು. ಅವರು ಗುಡ್ಡೆಯೊಳಗೆ ಕೈ ಹಾಕಿ ಹಿಡಿದೆಳೆದಾಗ ತೊಗಟೆ ನೆನೆದ ಬ್ರೆಡ್ಡಿನಂತೆ ಕೈಯಲ್ಲೇ ಬಂತು. ವರ್ಷಗಟ್ಟಲೆ ತೇವದಲ್ಲಿ ಮುಚ್ಚಿಕೊಂಡಿದ್ದ ಕಾಂಡ ಕೊಳೆಯತೊಡಗಿತ್ತು. ಗಾಳಿ ಹುಡುಕಿಕೊಂಡು ಗುಡ್ಡೆಯೊಳಗೇ ಹುಟ್ಟಿದ ಬೇರುಗಳು ಮರದ ಕತ್ತನ್ನೇ ಸುತ್ತಿ ಬಿಗಿದಿದ್ದವು. ಪರೀಕ್ಷಕರು ಒಳ್ಳೆಯ ಮನುಷ್ಯ, ಯಾರನ್ನೂ ಬೈಯಲಿಲ್ಲ. ಮರ ಬಿದ್ದರೆ ಬೆಂಚಿನಲ್ಲಿ ಕೂತವರ ಮೇಲೇ ಬೀಳುತ್ತದೆ, ಹಾಗಾಗಿ ಕಡಿಯಬೇಕಾಗಬಹುದು ಎಂದು ಕಾಂಡಕ್ಕೆ ಕೆಂಪು ಬಣ್ಣದ ಗೆರೆ ಎಳೆದರು. ಬೆಂಚಿಗೆ ಹಗ್ಗ ಕಟ್ಟಿಸಿದರು. ಬುಡದ ಎಲೆಯನ್ನೆಲ್ಲ ಬಿಡಿಸಿಡಿ, ಮುಂದಿನ ವರ್ಷ ಮಳೆ ಮುಗಿದ ಮೇಲೆ ಬರುತ್ತೇನೆ, ಚಿಗುರಿದ್ದರೆ ಉಳಿಸೋಣ, ಇಲ್ಲದಿದ್ದರೆ ಕೊಡಲಿಯೇ ಗತಿ ಎಂದು ಹೇಳಿ ಹೋದರು.

"ನಂಗೆ ಗೊತ್ತಿರಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ" ಎನ್ನುತ್ತಾರೆ ತರಗಮ್ಮ. ದನಿ ತಗ್ಗುತ್ತದೆ. "ತೋಟದಲ್ಲಿ ಒಂದೊಂದು ಗಿಡದ ಕತ್ತು ಬಿಡಿಸ್ತಿದ್ದೆ. ಆ ಮರದ ಹತ್ರ ಬಂದಾಗ ಮಾತ್ರ ಮುಖ ಆಚೆ ತಿರುಗಿಸ್ಕೊಂಡು ಹೋಗ್ತಿದ್ದೆ. ಅದು ಎಲೆ ಅಲ್ಲ ನೋಡಿ. ಒಂದೊಂದು ಹಿಡೀನೂ ಯಾರದೋ ಗಂಡ, ಯಾರದೋ ಮಗು. ಅದಕ್ಕೆ ಹೇಗೆ ಕೈ ಹಾಕೋದು?"

ಹಾಕಲೇಬೇಕಾಯಿತು. ಮಾರನೆಯ ಬೆಳಿಗ್ಗೆ ಹಗ್ಗ ದಾಟಿ ಮೊದಲ ಬುಟ್ಟಿ ತುಂಬುವಷ್ಟರಲ್ಲಿ ಗಡಿಯಾರದಜ್ಜ ಬಂದು ಅಡ್ಡ ನಿಂತರು. ಮುಖ ಕೆಂಪಗಾಗಿತ್ತು.

"ಕೆಳಗಿಡು ಬುಟ್ಟಿನ. ಹಾಕಿದ್ದನ್ನ ತೆಗೀತಾರಾ ಯಾರಾದ್ರೂ? ಅವಳ ಹೆಸರಲ್ಲಿ ದಿನಾ ಒಂದೊಂದು ಹಿಡಿ ಹಾಕಿದ್ದೀನಿ. ಕಿಟಕಿಯಿಂದ ನೋಡ್ತಿದ್ದಾಳೆ."

"ಎಸೆಯೋಕಲ್ಲ ಅಜ್ಜ..."

"ಎಸೆಯೋದೋ ಬಿಡೋದೋ, ತೆಗೆಯೋದು ತೆಗೆಯೋದೇ."

ವಾದ ಮಾಡಿದರೆ ಜಗಳವಾಗುತ್ತದೆ ಎಂದು ತರಗಮ್ಮ ಬುಟ್ಟಿ ಕೆಳಗಿಟ್ಟರು. ಅಜ್ಜನ ಕೈ ಹಿಡಿದು ಗುಡ್ಡೆಯೊಳಗೆ ಇಳಿಸಿದರು, ತಾನು ದಿನವೂ ಬೆಳಿಗ್ಗೆ ಇಳಿಸುವ ಹಾಗೆ. ಆ ಬೆರಳುಗಳು ಗಡಿಯಾರದೊಳಗಿನ ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗಿನ ಬಿಗಿತ ಅರಿತಂಥವು. ಒದ್ದೆ ತೊಗಟೆ ಕುಸಿದದ್ದು, ಬೇರು ಬಿಗಿದದ್ದು ಅವಕ್ಕೆ ತಕ್ಷಣ ತಿಳಿಯಿತು. ಅಜ್ಜ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನಾವೇ ಮಾಡಿದ್ದಾ ಇದು?" ಎಂದು ಕೇಳಿದರು.

"ನಾವೇ ಅಜ್ಜ. ಎಲ್ಲಾರೂ ಸೇರಿ."

"ಹಾಗಾದ್ರೆ ಇವನ್ನೆಲ್ಲ ಎಲ್ಲಿ ಹಾಕ್ತೀಯ?"

ರಾತ್ರಿಯೆಲ್ಲ ಯೋಚಿಸಿ ತಂದ ಉತ್ತರ ತರಗಮ್ಮನ ಬಳಿಯಿತ್ತು. ಒಂದು ಹಿಡಿಯನ್ನೂ ಆಸ್ಪತ್ರೆಯಿಂದ ಹೊರಗೆ ಹಾಕುವುದಿಲ್ಲ. ಮೇಲಿನದ್ದು ಹೂವಿನ ಪಾತಿಗಳಿಗೆ, ನಡುವಿನದ್ದು ಪೊದೆಗಳಿಗೆ, ಅಡಿಯಲ್ಲಿ ಕಪ್ಪು ಮಣ್ಣಾಗಿರುವುದು ಹೊಸದಾಗಿ ನೆಡುವ ಸಸಿಗಳಿಗೆ. ಉಳಿದದ್ದು ಇದೇ ಮರದ ಸುತ್ತ, ಕಾಂಡದಿಂದ ಒಂದು ಮೊಳ ಬಿಟ್ಟು, ನೆರಳು ಮುಗಿಯುವ ಕಡೆಯವರೆಗೂ ತೆಳ್ಳಗೆ, ನಾಲ್ಕು ಬೆರಳಿನಷ್ಟು. ಮರ ನೀರು ಕುಡಿಯುವ ಬೇರುಗಳು ಇರುವುದು ಅಲ್ಲೇ. "ನೀವು ಅಜ್ಜಿ ಹೆಸರಲ್ಲಿ ಹಾಕಿದ್ದು ಇಡೀ ತೋಟಕ್ಕೆ ಹೋಗುತ್ತೆ ಅಜ್ಜ. ಅವರು ಎಲ್ಲಿ ನೋಡಿದ್ರೂ ಅದೇ ಇರುತ್ತೆ."

ಅಜ್ಜ ಎದ್ದು ಹೋದರು. ಸಿಟ್ಟಾಗಿಯೇ ಹೋದರು ಎಂದುಕೊಂಡು ತರಗಮ್ಮ ಕಣ್ಣೊರೆಸಿಕೊಂಡು ಒಬ್ಬರೇ ಬುಟ್ಟಿ ಹೊತ್ತರು. ಮಧ್ಯಾಹ್ನ ಅಜ್ಜ ತಿರುಗಿ ಬಂದಾಗ ಬಗಲಲ್ಲಿ ಒಂದು ತಗಡಿನ ಡಬ್ಬಿಯಿತ್ತು. ಅದರಲ್ಲಿ ಚಿಮಟ, ಪುಟ್ಟ ಬ್ರಷ್ಷುಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಅಂಗಡಿ ಮುಚ್ಚಿದ ಮೇಲೆ ತೆರೆದಿರದ ಡಬ್ಬಿ.

ಮುಂದಿನ ದಿನಗಳಲ್ಲಿ ಅಲ್ಲಿ ನಡೆದ ಕೆಲಸವನ್ನು ನೋಡಿದವರು ಈಗಲೂ ಅದರ ಮಾತಾಡುತ್ತಾರೆ. ತರಗಮ್ಮ ಬುಟ್ಟಿ ಹೊರುತ್ತಾರೆ, ಹರಡುತ್ತಾರೆ, ಹಿಂಜುತ್ತಾರೆ. ಆಚೆ ಮರದ ಬುಡದಲ್ಲಿ ಅಜ್ಜ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮಲಗಿಕೊಂಡು, ಕೊಳೆತ ತೊಗಟೆಯನ್ನು ಚೂರು ಚೂರಾಗಿ ಬಿಡಿಸುತ್ತಾರೆ, ಜೀವವಿರುವ ತೊಗಟೆಗೆ ಗಾಯವಾಗದ ಹಾಗೆ. ಅವರಿಗೆ ಅದೊಂದು ಕೆಟ್ಟುಹೋದ ದೊಡ್ಡ ಗಡಿಯಾರ, ಅಷ್ಟೇ. ಕತ್ತು ಸುತ್ತಿದ ಬೇರುಗಳಲ್ಲಿ ಯಾವುದನ್ನು ಕತ್ತರಿಸಬೇಕು, ಯಾವುದನ್ನು ಬಿಡಬೇಕು ಎಂದು ಪರೀಕ್ಷಕರು ನಡುವೆ ಒಂದೆರಡು ಸಲ ಬಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರು. ಕಾಯುವವರು ಹಗ್ಗದಾಚೆ ನಿಂತು ಮೊದಮೊದಲು ಗೊಣಗಿದರು. ಆಮೇಲೆ ಒಬ್ಬೊಬ್ಬರಾಗಿ ಬುಟ್ಟಿಗೆ ಕೈಕೊಟ್ಟರು. ಒಬ್ಬ ಯುವಕ ತನ್ನಮ್ಮ ತೀರಿಕೊಂಡ ಮೇಲೂ ಒಂದು ದಿನ ಬಂದು, ಆಕೆಯ ಹೆಸರಲ್ಲಿ ಹಾಕಿದ್ದ ಹಿಡಿ ಯಾವುದಿರಬಹುದು ಎಂದು ಕೇಳಿದನಂತೆ. ತರಗಮ್ಮ ಅವನನ್ನು ಹೂವಿನ ಪಾತಿಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದರು. ಅವನು ಸಂಜೆಯವರೆಗೂ ಅಲ್ಲೇ ಇದ್ದ.

ಬುಡ ಒಣಗಿತು. ಬೇಸಿಗೆ ಬಂತು. ಮರ ಇನ್ನಷ್ಟು ಎಲೆ ಕಳೆದುಕೊಂಡಿತು, ಎಲ್ಲರೂ ಕೈಚೆಲ್ಲಿದರು. ಅಜ್ಜ ಮಾತ್ರ ದಿನವೂ ಮೇಲಿನಿಂದ ವರದಿ ತರುತ್ತಿದ್ದರು. ಒಂದು ದಿನ ಬರೀ ತಲೆ ಕಾಣುತ್ತಿತ್ತಂತೆ, ಇನ್ನೊಂದು ದಿನ ಅಂಗಿಯ ಬಣ್ಣವೂ. ಅಜ್ಜಿಗೆ ಗಂಡ ಹೆಚ್ಚು ಹೆಚ್ಚು ಕಂಡಷ್ಟೂ ಕೆಳಗಿರುವ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಈಗ ಮಳೆಗಾಲ ಮುಗಿದಿದೆ. ಕಳೆದ ವಾರ ಪರೀಕ್ಷಕರು ಬಂದರು. ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಕಿವಿಗೊಟ್ಟರು. ಗಾಯದ ಅಂಚಿನಲ್ಲಿ ಹೊಸ ತೊಗಟೆ ತುಟಿಯಂತೆ ದಪ್ಪಗೆ ಮುಂದೆ ಬಂದಿದ್ದನ್ನು ಬೆರಳಿಂದ ಸವರಿದರು. ತರಗಮ್ಮ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ಪರೀಕ್ಷಕರು ತಲೆಯೆತ್ತಿ ಮರದ ನೆತ್ತಿ ನೋಡಲು ಹೊರಟಾಗ, ಮೇಲಿನ ಮಹಡಿಯಿಂದ ಅಜ್ಜಿಯ ದನಿ ಕೇಳಿತು.

"ರೀ, ಎಲ್ಲಿದ್ದೀರಿ? ಆಗಲಿಂದ ನೋಡ್ತಿದ್ದೀನಿ, ಕಾಣ್ತಾನೇ ಇಲ್ಲ."

ಅಜ್ಜ ಮರದಡಿಯಲ್ಲೇ ನಿಂತಿದ್ದರು. ಕೈ ಬೀಸಿದರು. "ಇಲ್ಲೇ ಇದ್ದೀನಿ ಕಣೇ."

"ಎಲ್ಲಿ? ಬರೀ ಎಲೆ ಕಾಣ್ತಿದೆ."

ಅಜ್ಜ ಬೀಸುತ್ತಿದ್ದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅವರು ತರಗಮ್ಮನ ಕಡೆ ತಿರುಗಿದರು. ಪರೀಕ್ಷಕರು ಇನ್ನೂ ಎರಡು ವರ್ಷ ಕಣ್ಣಿಟ್ಟಿರಬೇಕು ಎಂದು ಹೇಳುತ್ತಾ, ಜೇಬಿನಿಂದ ಚಾಕು ತೆಗೆದು ಕೆಂಪು ಗೆರೆಯನ್ನು ಕೆರೆದು ಹಾಕಿದರು.

ಅಂದು ಮಧ್ಯಾಹ್ನ ಲಿಫ್ಟ್ ನಡೆಸುವ ತರಗಮ್ಮನ ಗಂಡ ಡಾಕ್ಟರ ಅನುಮತಿ ಪಡೆದು ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೆಳಗೆ ಇಳಿಸಿದರು. ಇಷ್ಟು ದಿನ ಮೇಲಿನಿಂದ ಮಾತ್ರ ನೋಡಿದ್ದ ಮರವನ್ನು ಅಜ್ಜಿ ಕೆಳಗಿನಿಂದ ನೋಡಿದರು. "ಇನ್ನು ಮೇಲಿಂದ ಕಾಣಲ್ಲ ಅಂತಾದ್ರೆ ದಿನಾ ನಾನೇ ಇಳಿದು ಬರಬೇಕು, ಬೇರೆ ದಾರಿ ಇಲ್ಲ" ಎಂದು ಗಂಡನಿಗೆ ಗದರಿದರು. ಆಮೇಲೆ ಬುಟ್ಟಿಯಿಂದ ಒಂದು ಹಿಡಿ ಎಲೆ ಎತ್ತಿಕೊಂಡು, ಎಲ್ಲಿ ಹಾಕಲಿ ಎಂದು ಕೇಳಿದರು.

ತರಗಮ್ಮ ಬಾಯಿ ತೆರೆಯುವ ಮೊದಲೇ ಅಜ್ಜ ಕುರ್ಚಿಯನ್ನು ಹಿಂದಕ್ಕೆ ಎಳೆದರು. "ಅಲ್ಲಿ ಬೇಡ. ಒಂದು ಮೊಳ ಬಿಡು. ಅದು ಅದರ ಜಾಗ."

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ತರಗಮ್ಮ ಮೊದಲು ನಗುತ್ತಾರೆ. ತೋಟಕ್ಕೆ ತನ್ನ ಹೆಸರಿಡುವ ಮಾತು ಆಸ್ಪತ್ರೆಯಲ್ಲಿ ಎದ್ದಿದೆಯೆಂದು ಅವರಿಗೂ ಗೊತ್ತು, ಅದಕ್ಕೆ ಮೂಗು ಮುರಿಯುತ್ತಾರೆ. ಬಗ್ಗಿ ಮರದ ಕಾಂಡದ ಸುತ್ತ ಬರಿಯಾಗಿ ಬಿಟ್ಟ ಮಣ್ಣಿನ ಉಂಗುರದಿಂದ ಗಾಳಿಗೆ ಬಂದು ಕೂತ ಎರಡು ಎಲೆಗಳನ್ನು ಹೆಕ್ಕಿ ಆಚೆ ಹಾಕುತ್ತಾರೆ.

"ಹೊದಿಸೋರು ಬೇಕಾದಷ್ಟು ಜನ ಬರ್ತಾರೆ. ನಾನು ಹೋದ ಮೇಲೆ ಇಷ್ಟು ಜಾಗ ಖಾಲಿ ಬಿಡೋರು ಒಬ್ರು ಇದ್ರೆ ಸಾಕು."